ಅಜ್ಜಿಗೆ ಪ್ರವಾದಿಗಳನ್ನು ಓದಿ ಹೇಳಿದ ವರ್ಷ

ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಅಜ್ಜಿ ಶಾಪ ಹಾಕುತ್ತಿದ್ದಳು. ಬೆಳಗಿನ ಸ್ನಾನ, ಲಿಂಗಪೂಜೆ, ಹಸುವಿಗೆ ಮೇವು ಹಾಕುವುದು ಹೇಗೋ ಹಾಗೆ ಅದೂ ದಿನದ ಕೆಲಸಗಳಲ್ಲಿ ಒಂದಾಗಿಹೋಗಿತ್ತು. ಮುದ್ದೆ ಉಂಡು, ತಟ್ಟೆ ತೊಳೆದಿಟ್ಟು, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಜಗಲಿಯ ಕಂಬಕ್ಕೆ ಒರಗಿ ಕೂತಳೆಂದರೆ ಅವಳ ಮುಖ ಪಡುವಣಕ್ಕೆ ತಿರುಗುತ್ತಿತ್ತು. ಆ ದಿಕ್ಕಿನಲ್ಲಿ ಎರಡು ಮೈಲಿ ಆಚೆ ರುದ್ರೇಶಪ್ಪನ ತೆಂಗಿನ ತೋಟವಿತ್ತು. ರುದ್ರೇಶಪ್ಪ ಅಜ್ಜಿಯ ಅಳಿಯ, ನನ್ನ ಗಿರಿಜತ್ತೆಯ ಗಂಡ. ಗಿರಿಜತ್ತೆಯ ಹೆಣ ಅವನ ತೋಟದ ಬಾವಿಯಲ್ಲಿ ಸಿಕ್ಕಿ ಆಗ ನಾಲ್ಕು ವರ್ಷ ಕಳೆದಿತ್ತು.

"ಅವನ ಕಣ್ಣು ಇಂಗಿಹೋಗ. ಅವನ ತೋಟ ಸುಟ್ಟು ಬೂದಿಯಾಗ. ಅವನ ಮನೇಲಿ ದೀಪ ಹಚ್ಚೋರು ಇಲ್ದಂಗಾಗ."

ದನಿ ಏರಿಸುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಬೀದಿಯಲ್ಲಿ ಹೋಗುವವರು ಯಾರಾದರೂ ಮಾತಾಡಿಸಿದರೆ ನಿಲ್ಲಿಸಿ, ಅವರ ಮನೆಯ ಕ್ಷೇಮ ವಿಚಾರಿಸಿ, ಅವರು ಮುಂದೆ ಹೋದ ಮೇಲೆ ಬಿಟ್ಟಲ್ಲಿಂದ ಮತ್ತೆ ಎತ್ತಿಕೊಳ್ಳುತ್ತಿದ್ದಳು.

ಯಲ್ಲದಕೆರೆಯ ನಮ್ಮ ಮನೆ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಮುಂದೆ ಜಗಲಿ, ಒಳಗೆ ನಡುಮನೆ, ಎಡಕ್ಕೆ ಅಡುಗೆಮನೆ, ಹಿತ್ತಲ ಕಡೆ ಬೇರೆ ಬಾಗಿಲಿದ್ದ ಒಂದು ಕೋಣೆ. ನಡುಮನೆಯ ಮೇಲೆ ಅಟ್ಟ. ಅಲ್ಲಿ ವರ್ಷವಿಡೀ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುತ್ತಿತ್ತು. ಆ ಎಣ್ಣೆಯ ವಾಸನೆ ನಮ್ಮ ಹಾಸಿಗೆಗೆ, ಬಟ್ಟೆಗೆ, ನನ್ನ ಶಾಲೆಯ ಪುಸ್ತಕಗಳಿಗೆಲ್ಲ ಅಂಟಿಕೊಂಡಿರುತ್ತಿತ್ತು. ಅಪ್ಪ ಕೊಬ್ಬರಿ ಸುಲಿಸಿ ಹಿರಿಯೂರಿಗೆ ಹಾಕುತ್ತಿದ್ದರು. ಮಾತು ಕಡಿಮೆ. ಗಿರಿಜತ್ತೆ ಸತ್ತ ಮೇಲೆ ಇನ್ನೂ ಕಡಿಮೆಯಾಯಿತು. ಏಕೆಂದರೆ ಆ ಸಂಬಂಧ ಹುಡುಕಿ ಮದುವೆ ಮಾಡಿಸಿದವರು ಅಪ್ಪನೇ. ಅವಳ ಹೆಣದ ಮುಂದೆ ಎರಡೂ ಊರಿನ ಹಿರಿಯರು ಕೂತು, ನೀರು ಸೇದುವಾಗ ಕಾಲು ಜಾರಿದ್ದು ಎಂದು ತೀರ್ಮಾನಿಸಿದಾಗ ತಲೆಯಾಡಿಸಿದವರೂ ಅಪ್ಪನೇ. ಆ ದಿನ ಮಗಳ ಮೈತೊಳೆದವಳು ಅಜ್ಜಿ. ತಲೆಯ ಹಿಂಭಾಗದಲ್ಲಿ ಅಂಗೈಯಗಲ ಒಡೆದಿದ್ದನ್ನು ಅವಳು ತನ್ನ ಬೆರಳುಗಳಿಂದ ಮುಟ್ಟಿ ತಿಳಿದಿದ್ದಳು. ಬಾವಿಗೆ ಮುಖ ಮುಂದಾಗಿ ಬಿದ್ದವಳಿಗೆ ಹಿಂದೆ ಹೇಗೆ ಗಾಯವಾಗುತ್ತದೆ ಎಂದು ಕೇಳಿದಳಂತೆ. ರುದ್ರೇಶಪ್ಪ ವರ್ಷ ತುಂಬುವ ಮೊದಲೇ ಇನ್ನೊಂದು ಮದುವೆಯಾದ.

ಸಾಂತ್ವನ ಹೇಳಲು ಮಠದ ಕಡೆಯ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಎಲ್ಲ ಹಿಂದಿನ ಕರ್ಮ, ತಾಯಿ, ಅನುಭವಿಸಿ ಕಳೆಯಬೇಕು ಅಂದರು. ಅಜ್ಜಿ ಅವರಿಗೆ ಹಾಲು ಕೊಟ್ಟು, ಪಾದ ಮುಟ್ಟಿ ನಮಸ್ಕಾರ ಮಾಡಿ ಕಳಿಸಿದಳು. ಅವರು ಬೀದಿಯ ತಿರುವು ದಾಟಿದ ಮೇಲೆ ಅವ್ವನ ಕಡೆ ತಿರುಗಿದಳು.

"ಏಟು ಬಿದ್ದಿದ್ದು ನನ್ನ ಮಗಳಿಗೆ, ಕರ್ಮಾನೂ ನನ್ನ ಮಗಳದ್ದೇನಾ? ಹೊಡೆದೋನಿಗೆ ಏನೂ ಇಲ್ಲಾ?"

ಅಜ್ಜಿ ಅಕ್ಷರ ಕಲಿತವಳಲ್ಲ. ಆದರೆ ಈ ಪ್ರಶ್ನೆಯನ್ನು ಅವಳು ಬಿಡಲಿಲ್ಲ. ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ನನ್ನ ಜಡೆ ಹೆಣೆಯುವಾಗ ಎಲ್ಲ ಅದನ್ನೇ ಬೇರೆ ಬೇರೆ ಬಗೆಯಲ್ಲಿ ಕೇಳುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಊರಿನ ಆರೋಗ್ಯ ಕೇಂದ್ರಕ್ಕೆ ಸುಗುಣಮ್ಮ ಎಂಬ ನರ್ಸು ವರ್ಗವಾಗಿ ಬಂದರು. ನಲವತ್ತರ ಆಸುಪಾಸಿನ ಕ್ರೈಸ್ತ ಹೆಂಗಸು, ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರಿಗೆ ಊರಲ್ಲಿ ಯಾರೂ ಮನೆ ಕೊಡಲಿಲ್ಲ. ಅಪ್ಪ ಅವ್ವನನ್ನೂ ಕೇಳದೆ ಹಿತ್ತಲ ಕೋಣೆಯನ್ನು ಕೊಟ್ಟುಬಿಟ್ಟರು. ಆ ರಾತ್ರಿ ಊಟ ಬಡಿಸುವಾಗ ಅವ್ವ ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು. ಲಿಂಗ ಕಟ್ಟಿದವರ ಮನೆ ಇದು, ಹಿತ್ತಲಲ್ಲಿ ಮಾಂಸ ಬೇಯೋದನ್ನ ನಾನು ನೋಡಲಾರೆ ಅಂದಳು. ಮಾರನೆಯ ದಿನ ನರ್ಸಮ್ಮ ತಾವಾಗಿಯೇ ಬಂದು, ಈ ಮನೆಯಲ್ಲಿರುವಷ್ಟು ದಿನ ಅದನ್ನು ಬೇಯಿಸುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟರು. ಕೊಟ್ಟ ಮಾತಿನಂತೆ ನಡೆದರು. ಅವರ ಸಾಮಾನು ಎಂದರೆ ಒಂದು ಟ್ರಂಕು, ಸೀಮೆಎಣ್ಣೆ ಸ್ಟೌ, ಎರಡು ಬಿಳಿ ಸೀರೆ, ಔಷಧಿಯ ಚೀಲ, ಮತ್ತು ಕಪ್ಪು ರಟ್ಟಿನ ಒಂದು ದಪ್ಪ ಪುಸ್ತಕ.

ಆ ಪುಸ್ತಕವನ್ನು ಅವರು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತುಸು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಅಜ್ಜಿ ಕೈಯಲ್ಲಿ ಹಸಿ ಸೀರೆ ಹಿಡಿದುಕೊಂಡೇ ಅವರ ಕಿಟಕಿಯ ಹತ್ತಿರ ಹೋಗಿ ನಿಂತಳು.

"ಯಾರಿಗವ್ವ ಅದು, ಅಷ್ಟೊಂದು ಬೈತಿರೋದು?"

ನರ್ಸಮ್ಮ ನಕ್ಕರು.

"ನಾನಲ್ಲ ಅಜ್ಜಿ, ಪ್ರವಾದಿ ಬೈತಿರೋದು. ಹಿಂದೆ ಇಸ್ರಾಯೇಲ್ ಅನ್ನೋ ದೇಶದಲ್ಲಿದ್ರು. ದೇವರು ಏನು ಹೇಳು ಅಂತಾನೋ ಅದನ್ನ ಬೀದೀಲಿ ನಿಂತು ಹೇಳೋರು. ರಾಜ ಇದ್ರೂ ಬಿಡ್ತಿರಲಿಲ್ಲ."

"ಹೆಸರು ಹಿಡಿದು ಬೈತಿದ್ರಾ?"

"ಹೆಸರು ಹಿಡಿದೇ."

"ಹೊಡೆದೋನಿಗಾ, ಹೊಡೆಸ್ಕಂಡೋಳಿಗಾ?"

ನರ್ಸಮ್ಮನಿಗೆ ನಮ್ಮ ಮನೆಯ ಕಥೆ ಅಷ್ಟರಲ್ಲಿ ಗೊತ್ತಾಗಿತ್ತೆಂದು ಕಾಣುತ್ತದೆ. ಅವರು ನಗು ನಿಲ್ಲಿಸಿದರು.

"ಹೊಡೆದೋನಿಗೆ, ಅಜ್ಜಿ."

ಅವತ್ತು ಮಧ್ಯಾಹ್ನವೇ ಆ ಪುಸ್ತಕ ನಮ್ಮ ಜಗಲಿಗೆ ಬಂತು. ಓದುವವಳು ನಾನು. ಭಾಷೆ ನನಗೆ ಪರಿಚಯವಿಲ್ಲದ ಕನ್ನಡ. ಬಿಗಿಯಾಗಿತ್ತು, ಹೆಸರುಗಳು ನಾಲಿಗೆಗೆ ಸಿಕ್ಕುತ್ತಿರಲಿಲ್ಲ. ಆದರೆ ಅಜ್ಜಿಗೆ ಒಂದು ಮಾತೂ ಕಷ್ಟವಾಗಲಿಲ್ಲ. ಮೊದಲು ಓದಿದ್ದು ಆಮೋಸನ ಮಾತುಗಳನ್ನು. ಅವನು ಕುರಿ ಕಾಯುವವನು ಎಂದು ಓದಿದಾಗ ಅಜ್ಜಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು, ಕುರಿ ಕಾಯೋನನ್ನ ದೇವರು ಮಾತಾಡಿಸ್ತಾ ಎಂದು ಕೇಳಿದಳು. ಆಮೋಸ ಸುತ್ತಲಿನ ಊರುಗಳನ್ನು ಒಂದೊಂದಾಗಿ ಹಿಡಿಯುತ್ತಾನೆ. ಒಬ್ಬರು ಬಸುರಿಯರನ್ನು ಸೀಳಿದರು, ಒಬ್ಬರು ಹಳ್ಳಿಗೆ ಹಳ್ಳಿಯನ್ನೇ ಹಿಡಿದು ಮಾರಿದರು, ಒಬ್ಬರು ತಮ್ಮನೆಂದೂ ನೋಡದೆ ಕತ್ತಿ ಹಿಡಿದು ಅಟ್ಟಿಸಿಕೊಂಡು ಹೋದರು. ಪ್ರತಿಯೊಂದಕ್ಕೂ ಕೊನೆಯಲ್ಲಿ ದೇವರು ಬೆಂಕಿ ಕಳಿಸುತ್ತಾನೆ. ಅಜ್ಜಿ ಪ್ರತಿ ಸಲವೂ ಕೇಳುತ್ತಿದ್ದಳು.

"ಬೆಂಕಿ ಹಾಕಿದ್ನಾ?"

"ಹಾಕ್ತೀನಿ ಅಂತಾನೆ ಅಜ್ಜಿ."

"ಹಾಕ್ತಾನೆ ಬಿಡು. ಮುಂದಕ್ಕೆ ಓದು."

ನಾಲ್ಕು ವರ್ಷದಲ್ಲಿ ಅವಳ ಮುಖದ ಮೇಲೆ ಅಷ್ಟು ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ತಾನೊಬ್ಬಳೇ ಹೇಳುತ್ತಿದ್ದ ಮಾತನ್ನು ಇನ್ನೊಬ್ಬ ಯಾರೋ ಇನ್ನೂ ಚೆನ್ನಾಗಿ ಹೇಳಿದ್ದಾನೆ, ಅದೂ ದೇವರ ಹೆಸರಿನಲ್ಲಿ, ಎಂಬುದು ಅವಳಿಗೆ ದೊಡ್ಡ ಆಸರೆಯಾಯಿತು. ಆರು ಊರು ಮುಗಿದವು. ಏಳನೆಯದು, ಎಂಟನೆಯದು ಬಂದಾಗ ನಾನು ತಡೆದೆ. ಬಡವರನ್ನು ಮಾರಿಕೊಂಡವರು, ನ್ಯಾಯದ ಕಟ್ಟೆಯಲ್ಲಿ ಕೂತು ದಿಕ್ಕಿಲ್ಲದವರನ್ನು ತಳ್ಳಿದವರು ಎಂದೆಲ್ಲ ಅವನು ಬೈಯುತ್ತಿದ್ದ ಆ ಊರುಗಳು ಅವನ ದೇವರಿಗೇ ನಡೆದುಕೊಳ್ಳುತ್ತಿದ್ದವರವಾಗಿದ್ದವು.

"ಇವ್ರು ಯಾರು?"

"ಅವನ ಜನಾನೇ ಅಜ್ಜಿ."

"ತನ್ನ ಜನಕ್ಕೇನಾ?" ಅಜ್ಜಿ ಕೆಳಗಿಟ್ಟಿದ್ದ ಎಲೆಯನ್ನು ಮತ್ತೆ ಕೈಗೆತ್ತಿಕೊಂಡಳು. "ಸಾಕು ಇವತ್ತಿಗೆ. ನಾಳೆ ಮತ್ತೆ ಮೊದಲಿಂದ ಓದು."

ಸಂಜೆ ಪುಸ್ತಕ ವಾಪಸು ಕೊಡುವಾಗ ಇದನ್ನು ನರ್ಸಮ್ಮನಿಗೆ ಹೇಳಿದೆ. ಅವರು ಸ್ಟೌಗೆ ಗಾಳಿ ಹೊಡೆಯುತ್ತ, ಅಲ್ಲಿಗೆ ಬರೋದಕ್ಕೇ ಅವನು ಅಷ್ಟು ಸುತ್ತು ಹಾಕಿದ್ದು ಪೂರ್ಣಿ, ಅದನ್ನ ಓದದೆ ಬಿಟ್ಟರೆ ಉಳಿದದ್ದು ಓದಿ ಏನೂ ಪ್ರಯೋಜನ ಇಲ್ಲ ಅಂದರು. ನನಗೆ ಅರ್ಥವಾಗಲಿಲ್ಲ. ಮಾರನೆಯ ದಿನ ಅಜ್ಜಿ ಹೇಳಿದಂತೆ ಮೊದಲಿಂದ ಓದಿದೆ, ಆರನೆಯ ಊರಿಗೆ ನಿಲ್ಲಿಸಿದೆ. ಹೀಗೆ ಹಲವು ತಿಂಗಳು ನಡೆಯಿತು. ಬೇರೆ ಪ್ರವಾದಿಗಳನ್ನೂ ಓದಿದೆ. ಎಲ್ಲೆಲ್ಲಿ ಶತ್ರುವಿಗೆ ಶಿಕ್ಷೆ ಇದೆಯೋ ಅಲ್ಲಿಗೆ ತೆಂಗಿನ ಗರಿಯ ಕಡ್ಡಿ ಇಟ್ಟು ಗುರುತು ಮಾಡಿಕೊಂಡಿದ್ದೆ. ಅವ್ವನಿಗೆ ಇದು ಸರಿಬರಲಿಲ್ಲ. ಕ್ರಿಸ್ತಾನರ ಪುಸ್ತಕವನ್ನು ಮಗಳ ಕೈಯಲ್ಲಿ ದಿನಾ ಓದಿಸುವುದೇನು ಎಂದು ಅಪ್ಪನ ಹತ್ತಿರ ಜಗಳ ತೆಗೆದಳು. ಅಪ್ಪ ಅಪರೂಪಕ್ಕೆ ಒಂದು ಮಾತಾಡಿದರು.

"ಓದ್ಲಿ ಬಿಡು. ಆ ಪುಸ್ತಕ ಬಂದ ಮ್ಯಾಲೆ ನಮ್ಮವ್ವ ನನ್ನ ಮುಖ ನೋಡಿ ಮಾತಾಡ್ತಾ ಐತೆ."

ಆ ಬೇಸಿಗೆಯಲ್ಲಿ ಬಾವಿಗಳು ತಳ ಕಂಡವು. ಸುತ್ತಲ ಹಟ್ಟಿಗಳಲ್ಲಿ ವಾಂತಿಭೇದಿ ಶುರುವಾಯಿತು. ನರ್ಸಮ್ಮ ಎರಡು ದಿನ ಒಂದು ಹಟ್ಟಿಯಲ್ಲೇ ಉಳಿದು, ಭಾನುವಾರ ಬೆಳಗ್ಗೆ ಕಾಲೆಳೆದುಕೊಂಡು ಮನೆಗೆ ಬಂದರು. ಅಪ್ಪ, ಅವ್ವ ಹೊಳಲ್ಕೆರೆಯಲ್ಲಿ ಒಂದು ಮದುವೆಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ, ನಾನು ಇಬ್ಬರೇ. ನರ್ಸಮ್ಮ ಸ್ನಾನ ಮಾಡಿ, ನಾನು ಕೊಟ್ಟ ಮಜ್ಜಿಗೆ ಕುಡಿದು, ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಳ್ಳುವ ಮುಂಚೆ ನನ್ನನ್ನು ಕರೆದರು.

"ಯಾರಾದ್ರೂ ಬಂದ್ರೆ ಎಬ್ಬಿಸು ಪೂರ್ಣಿ. ಎಂಥ ನಿದ್ದೆಯಲ್ಲಿದ್ರೂ ಎಬ್ಬಿಸು."

ಊಟ ಮುಗಿದಿತ್ತು. ನಾನು ಜಗಲಿಯಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಬಿಸಿಲು ಎದುರು ಮನೆಯ ಸುಣ್ಣದ ಗೋಡೆಗೆ ಬಡಿದು ಕಣ್ಣಿಗೆ ಚುಚ್ಚುತ್ತಿತ್ತು. ಒಬ್ಬ ಹೆಂಗಸು ಸೆರಗಿನಲ್ಲಿ ಮಗುವನ್ನು ಸುತ್ತಿ ಎತ್ತಿಕೊಂಡು, ಬಹುತೇಕ ಓಡುತ್ತ ಬಂದು ಜಗಲಿಯ ಕೆಳಗೆ ನಿಂತಳು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎರಡೂವರೆ ವರ್ಷದ ಗಂಡು ಮಗು, ಕಣ್ಣು ಗುಳಿ ಬಿದ್ದಿದ್ದವು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅದು ಅಳುತ್ತಿರಲಿಲ್ಲ. ಅಳದೆ ಇರುವುದೇ ಅಪಾಯ ಎಂದು ಆಮೇಲೆ ನನ್ನ ಕೆಲಸದಲ್ಲಿ ನಾನು ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ.

"ನರ್ಸಮ್ಮೋರು ಅವ್ರೇನಜ್ಜಿ? ಬೆಳಗಿನ ಜಾವದಿಂದ ನಿಲ್ವಲ್ದು. ನೀರು ಕೊಟ್ರೂ ಕಕ್ತಾ ಐತೆ."

ಅಜ್ಜಿ ಮಗುವನ್ನು ನೋಡಿದಳು, ಆಮೇಲೆ ತಾಯಿಯನ್ನು ನೋಡಿದಳು. ಅವಳು ಶಾರದಮ್ಮ, ರುದ್ರೇಶಪ್ಪನ ಎರಡನೇ ಹೆಂಡತಿ. ಸಂತೆಯಲ್ಲಿ ಒಂದೆರಡು ಸಲ ನಾವು ಅವಳನ್ನು ದೂರದಿಂದ ಕಂಡಿದ್ದೆವು. ಅವಳಿಗೆ ನಮ್ಮ ಗುರುತು ಇದ್ದಂತಿರಲಿಲ್ಲ. ನರ್ಸು ಇರುವ ಮನೆ ಯಾವುದು ಎಂದು ದಾರಿಯಲ್ಲಿ ಯಾರನ್ನೋ ಕೇಳಿಕೊಂಡು ಬಂದಿದ್ದಳು, ಅಷ್ಟೇ. ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿದಳು.

"ಇಲ್ಲ ಕಣವ್ವ. ಹಿರಿಯೂರಿಗೆ ಹೋಗವ್ರೆ. ಬರೋದು ಸಾಯಂಕಾಲ ಆಗ್ತೈತೆ."

ಶಾರದಮ್ಮ ನನ್ನ ಕಡೆ ತಿರುಗಿದಳು. ಹಿರಿಯರ ಮಾತನ್ನು ನಂಬದೆ ಅಲ್ಲ. ಆ ಮಾತು ಸುಳ್ಳಾಗಿರಲಿ ಎಂಬ ಆಸೆಯಿಂದ.

"ಹೌದೇನವ್ವ?"

ನಾನು ಹೂಂ ಅಂದೆ.

ಯಾಕೆ ಹಾಗಂದೆ ಎಂದು ನನ್ನನ್ನು ನಾನು ಕೇಳಿಕೊಳ್ಳದ ವರ್ಷವಿಲ್ಲ. ಅಜ್ಜಿಗೆ ಹೆದರಿ ಎಂದು ಬಹಳ ಕಾಲ ಹೇಳಿಕೊಂಡೆ. ಅದು ನಿಜವಲ್ಲ. ಅಜ್ಜಿ ನನಗೆ ಎಂದೂ ಹೊಡೆದವಳಲ್ಲ, ಗದರಿದವಳೂ ಅಲ್ಲ. ನಿಜ ಹೇಳಬೇಕೆಂದರೆ ನನಗೆ ಆಗ ಒಂದು ಥರದ ಕುತೂಹಲ ಹುಟ್ಟಿತ್ತು. ತಿಂಗಳುಗಟ್ಟಲೆ ಬೆಂಕಿ, ಬೆಂಕಿ ಎಂದು ಓದಿದ್ದೆ. ಅದು ಈಗ ನಮ್ಮ ಜಗಲಿಯ ಮುಂದೆ ಬಂದು ನಿಂತಿದೆ, ದೇವರು ಹೇಳಿದ್ದನ್ನು ಮಾಡುತ್ತಾನೋ ಇಲ್ಲವೋ ನೋಡೋಣ ಅನ್ನಿಸಿತು. ಹನ್ನೆರಡು ವರ್ಷದ ಹುಡುಗಿಗೆ ಹಾಗನ್ನಿಸಬಹುದು ಎಂದು ನಂಬುವುದು ಕಷ್ಟ. ನನಗೆ ಅನ್ನಿಸಿತು.

ಶಾರದಮ್ಮ ಬಸ್ಸು ನಿಲ್ಲುವ ಕಡೆ ಹೋದಳು. ಮೂರು ಗಂಟೆಯ ತನಕ ಹಿರಿಯೂರಿಗೆ ಬಸ್ಸಿರಲಿಲ್ಲ. ಅಜ್ಜಿ ನನ್ನನ್ನು ಓದು ಅಂದಳು. ನಾನು ಓದಿದೆ. ನಾಲ್ಕು ಗಂಟೆಗೆ ನರ್ಸಮ್ಮ ಎದ್ದು ಮುಖ ತೊಳೆದು ಬಂದು, ಯಾರೂ ಬಂದಿರಲಿಲ್ಲವಾ ಎಂದು ಕೇಳಿದರು. ಇಲ್ಲ ಅಂದೆ. ಮಗು ಆ ಹೊತ್ತಿಗೆ ಹಿರಿಯೂರು ಮುಟ್ಟುವ ಮುಂಚೆ ಬಸ್ಸಿನಲ್ಲೇ ಹೋಗಿಬಿಟ್ಟಿತ್ತು.

ಸುದ್ದಿ ಮಾರನೆಯ ಬೆಳಗ್ಗೆ ಬಂತು. ಅಪ್ಪ ಅವ್ವ ಮೊದಲ ಬಸ್ಸಿಗೆ ವಾಪಸಾಗಿದ್ದರು. ಅಜ್ಜಿ ಎರಡನೇ ಸಲ ಸ್ನಾನ ಮಾಡಿ, ಹಣೆತುಂಬ ವಿಭೂತಿ ಇಟ್ಟುಕೊಂಡು, ದೇವರ ಗೂಡಿನ ಮುಂದೆ ಕೂತಳು. ಎದ್ದು ಬಂದು ಅವ್ವನಿಗೆ ಪಾಯಸ ಮಾಡು ಅಂದಳು.

"ಯಾಕತ್ತೆ, ಏನು ಹಬ್ಬ?"

"ಕಣ್ಣು ಬಿಟ್ಟ ಕಣೇ. ಅವನ ದೀಪ ಆರಿಸ್ದ."

ಅವ್ವನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಕೂಸು ಅದು ಅತ್ತೆ. ಎದೆಹಾಲು ಬಿಡಿಸಿ ವರ್ಷ ಆಗಿರ್ಲಿಲ್ಲ. ನಿಮ್ಮ ಬಾಯಲ್ಲಿ ಇಂಥ ಮಾತು ಹೆಂಗೆ ಬರ್ತೈತೆ?"

ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂಸಿನ ಮಣ್ಣಿಗೆ ಹೊರಟರು. ನಾಲ್ಕು ವರ್ಷದಲ್ಲಿ ಆ ತೋಟದ ಕಡೆ ಅವರು ಕಾಲಿಟ್ಟಿರಲಿಲ್ಲ. ನರ್ಸಮ್ಮನೂ ಹೋದರು. ತಾವು ನೋಡಿಕೊಳ್ಳುತ್ತಿದ್ದ ಹಳ್ಳಿಯ ಮಗು, ಅವರು ಹೋಗಲೇಬೇಕಿತ್ತು. ಅಲ್ಲಿ ಶಾರದಮ್ಮ ಅವರನ್ನು ಕಂಡು, ನಿಮ್ಮ ಮನೆ ತನಕ ಬಂದಿದ್ದೆ ನರ್ಸಮ್ಮ, ನೀವು ಹಿರಿಯೂರಿಗೆ ಹೋಗಿದ್ರಂತೆ ಎಂದು ಅತ್ತಳಂತೆ. ವಾಪಸು ಬಂದಾಗ ನರ್ಸಮ್ಮ ತಮ್ಮ ಕೋಣೆಗೆ ಹೋಗದೆ ನೇರವಾಗಿ ಜಗಲಿಗೆ ಬಂದರು. ಅಪ್ಪ ಇನ್ನೂ ಅಲ್ಲಿಂದ ಬಂದಿರಲಿಲ್ಲ. ಅವ್ವ ಒಳಗಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. ಆದರೂ ಕೇಳಿದರು. ನಾನು ಹೇಳಿದೆ. ಅವರು ಅಜ್ಜಿಯ ಮುಂದೆ ನಿಂತರು.

"ನಾನು ಒಳಗೇ ಇದ್ದೆ ಅಜ್ಜಿ. ಗೋಡೆ ಆಚೆ. ಎರಡು ಪೊಟ್ಟಣ ಉಪ್ಪು-ಸಕ್ಕರೆ ಪುಡಿ, ಒಂದು ಚೊಂಬು ಕಾಯಿಸಿ ಆರಿಸಿದ ನೀರು, ಅದೂ ನಿಲ್ಲಲಿಲ್ಲ ಅಂದ್ರೆ ಒಂದು ಗ್ಲೂಕೋಸ್ ಬಾಟ್ಲಿ. ಎಲ್ಲ ನನ್ನ ಚೀಲದಲ್ಲೇ ಇತ್ತು."

"ದೇವರು ಮಾಡಿದ್ದು ಅದು. ನಿನ್ನ ಪುಸ್ತಕದಾಗೇ ಐತಲ್ಲ. ದಿನಾ ಓದ್ತಾಳೆ ಕೇಳು ಅವಳನ್ನ."

ನರ್ಸಮ್ಮ ಬಾಗಿಲ ಪಕ್ಕದ ಗೂಡಿನಿಂದ ಪುಸ್ತಕ ತೆಗೆದರು. ನಾನು ಗುರುತಿಗೆ ಇಟ್ಟಿದ್ದ ಕಡ್ಡಿಗಳು ಒಂದೊಂದಾಗಿ ಕೆಳಗೆ ಉದುರಿದವು. ಯೆಹೆಜ್ಕೇಲನೆಂಬ ಪ್ರವಾದಿಯ ಒಂದು ಪುಟ ತೆಗೆದು ನನ್ನ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಅಂದರು. ಆ ಮಾತುಗಳು ಆಮೋಸನ ಮಾತುಗಳ ಹಾಗಿರಲಿಲ್ಲ. ಬೆಂಕಿ ಇರಲಿಲ್ಲ. ಹಳೆಯ ಕಾಲದ ಒಂದು ನಂಬಿಕೆಯನ್ನು ಹಿಡಿದು ದೇವರು ವಾದ ಮಾಡುತ್ತಿದ್ದ. ಅಪ್ಪ ಮಾಡಿದ್ದಕ್ಕೆ ಮಗ ಸಾಯಬೇಕು ಎಂದು ನೀವು ಯಾಕೆ ಹೇಳುತ್ತೀರಿ, ಎಲ್ಲ ಜೀವಗಳೂ ನನ್ನವೇ, ತಪ್ಪು ಮಾಡಿದವನು ತನ್ನ ತಪ್ಪನ್ನು ತಾನೇ ಹೊರುತ್ತಾನೆ, ಅಪ್ಪನದನ್ನು ಮಗ ಹೊರುವುದಿಲ್ಲ ಎನ್ನುತ್ತಿದ್ದ. ಕೆಟ್ಟವನು ಸಾಯುವುದೂ ನನಗೇನು ಸಂತೋಷವಲ್ಲ, ಅವನು ತಿರುಗಿ ಬಂದು ಬದುಕಿಕೊಂಡರೆ ಸಂತೋಷ ಎನ್ನುತ್ತಿದ್ದ.

"ಹಂಗಂತ ಬರ್ದೈತಾ?" ಅಜ್ಜಿ ಕೇಳಿದಳು. "ಇನ್ನೊಂದ್ಸಲ ಓದು."

ಓದಿದೆ. ಅಜ್ಜಿ ಪಡುವಣದ ಕಡೆ ನೋಡಲಿಲ್ಲ. ತನ್ನ ಎರಡು ಕೈಗಳನ್ನು ನೋಡಿಕೊಂಡಳು.

"ಹಂಗಾದ್ರೆ ಆ ಕೂಸು ಸತ್ತಿದ್ದು ಯಾರ ತಲೆ ಮ್ಯಾಲೆ?"

ನರ್ಸಮ್ಮ ಅದೇ ಪ್ರವಾದಿಯ ಇನ್ನೊಂದು ಪುಟ ತೆಗೆದು, ಇದನ್ನ ಗಟ್ಟಿಯಾಗಿ ಓದಬೇಡ, ಇದು ನಿನಗೆ, ನನಗೂ, ಅಂದರು. ಅದರಲ್ಲಿ ಊರಿನ ಕಾವಲುಗಾರನ ವಿಷಯವಿತ್ತು. ಕತ್ತಿ ಬರುವುದನ್ನು ಕಂಡೂ ಅವನು ಕೊಂಬು ಊದದೆ ಸುಮ್ಮನಿದ್ದರೆ, ಸತ್ತವನ ರಕ್ತಕ್ಕೆ ದೇವರು ಆ ಕಾವಲುಗಾರನನ್ನೇ ಕೇಳುತ್ತಾನೆ. ನಾನು ಓದಿ ತಲೆಯೆತ್ತಿದಾಗ ನರ್ಸಮ್ಮ ಅಳುತ್ತಿದ್ದರು.

"ನಾನು ಮಲಗಿಬಿಟ್ಟಿದ್ದೆ ಪೂರ್ಣಿ. ನೀನು ಎಚ್ಚರ ಇದ್ದೆ."

ಆ ವಾರದಲ್ಲೇ ಅವರು ನಮ್ಮ ಮನೆ ಬಿಟ್ಟು ಮೇಲಿನ ಕೇರಿಯಲ್ಲಿ ಒಂದು ಹಂಚಿನ ಮನೆ ಹಿಡಿದರು. ಹೋಗುವಾಗ ಅಜ್ಜಿಯ ಮುಂದೆ ನಿಂತು, ಆ ತಾಯಿಗೆ ನಿಜ ಹೇಳಬೇಕು, ಹೇಳಬೇಕಾದವಳು ನಾನಲ್ಲ, ನೀವು, ಎಂದು ಹೇಳಿದರು. ಅಪ್ಪನಿಗೂ ಅವ್ವನಿಗೂ ಏನಾಯಿತೆಂಬುದು ಅವತ್ತೇ ಗೊತ್ತಾಯಿತು. ಆ ಸಂಜೆ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅಪ್ಪ ಅಜ್ಜಿಯನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಅಟ್ಟದ ಏಣಿಯ ಮೇಲೆ ಕತ್ತಲಾಗುವ ತನಕ ಕೂತಿದ್ದರು.

ಅಜ್ಜಿ ಅಂದಿನಿಂದ ಶಾಪ ಹಾಕುವುದನ್ನು ನಿಲ್ಲಿಸಿದಳು. ಊಟವಾದ ಮೇಲೆ ಜಗಲಿಗೆ ಬಂದು ಕೂರುತ್ತಿದ್ದಳು, ಅಷ್ಟೇ. ಅವಳು ಈಗ ತನಗೆ ಬರಬೇಕಾದ ಶಿಕ್ಷೆಗಾಗಿ ಕಾಯುತ್ತಿದ್ದಳು ಎಂಬುದು ನನಗೆ ತಿಳಿದದ್ದು ಮಳೆಗಾಲದಲ್ಲಿ ಅವಳಿಗೆ ಜೋರು ಜ್ವರ ಬಂದಾಗ. ಔಷಧಿ ಬೇಡವೆಂದು ಬಾಯಿ ಬಿಗಿಹಿಡಿದಳು. ಬಂತು ಬಿಡು, ತಡೀಬ್ಯಾಡ್ರಿ ಅಂದಳು. ಜ್ವರ ತಾನೇ ಇಳಿಯಿತು. ಒಮ್ಮೆ ಹಿತ್ತಲಲ್ಲಿ ಹಾವು ಅವಳ ಕಾಲಿನ ಮೇಲೆಯೇ ಹರಿದು ಹೋಯಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಅದು ಕಚ್ಚಲಿಲ್ಲ. ಹಲ್ಲು ಬೀಳಲಿಲ್ಲ, ಕಣ್ಣು ಮಂಜಾಗಲಿಲ್ಲ, ಊರಿನ ಅವಳ ವಯಸ್ಸಿನವರೆಲ್ಲ ಹೋದರು. ಶಾರದಮ್ಮನ ಹತ್ತಿರ ಹೋಗೋಣ ನಡಿ ಅಜ್ಜಿ ಎಂದು ನಾನು ಒಂದೇ ಒಂದು ಸಲ ಕೇಳಿದೆ, ಎಸ್ಸೆಸ್ಸೆಲ್ಸಿ ಮುಗಿದ ವರ್ಷ. ಅವಳು ಮೇಲೆದ್ದು ಸೆರಗು ಸರಿಮಾಡಿಕೊಂಡು ಬೀದಿಯ ತಿರುವಿನ ತನಕ ಬಂದಳು. ಅಲ್ಲಿ ನಿಂತಳು.

"ನನ್ನ ಕೈಲಾಗಲ್ಲ ಕಣೇ. ಆ ತೋಟದಾಗೆ ಆ ಬಾವಿ ಐತೆ."

ತಿರುಗಿ ಮನೆಗೆ ಬಂದೆವು. ಬಹಳ ವರ್ಷಗಳ ನಂತರ ಒಂದು ಬೆಳಗ್ಗೆ ನಿದ್ದೆಯಲ್ಲೇ ತೀರಿಕೊಂಡಳು. ಮಣ್ಣಿಗೆ 	ಬಂದವರೆಲ್ಲ ಪುಣ್ಯವಂತೆ, ಒಂದು ದಿನ ಮಲಗಲಿಲ್ಲ, ಯಾರಿಗೂ ಹೊರೆಯಾಗಲಿಲ್ಲ ಅಂದರು. ಅವಳು ಎಂಥ ಸಾವಿಗೆ ಕಾದಿದ್ದಳೆಂದು ಅಲ್ಲಿ ಬಲ್ಲವರು ಅಪ್ಪ, ಅವ್ವ ಮತ್ತು ನಾನು.

ರುದ್ರೇಶಪ್ಪನಿಗೂ ಏನೂ ಆಗಲಿಲ್ಲ. ತೋಟ ಬೆಳೆಯಿತು, ಊರಿನ ಪಂಚಾಯಿತಿಯಲ್ಲಿ ಗೆದ್ದ, ಚಿತ್ರದುರ್ಗದಲ್ಲಿ ಮನೆ ಕಟ್ಟಿಸಿದ. ಮುದುಕನಾಗಿ ಸತ್ತಾಗ ಶವದ ಹಿಂದೆ ನೂರಾರು ಜನ ನಡೆದರು. ಕೆಟ್ಟವರ ಬಾಳು ಯಾಕೆ ಹೀಗೆ ಸುಖವಾಗಿ ಸಾಗುತ್ತದೆ ಎಂದು ಯೆರೆಮೀಯ ಎಂಬ ಪ್ರವಾದಿ ದೇವರನ್ನೇ ಎದುರು ನಿಂತು ಕೇಳಿದ್ದಾನೆ. ಅದನ್ನು ಓದಿದಾಗ ಇವನು ಅಜ್ಜಿಯ ಪ್ರಶ್ನೆಯನ್ನೇ ಕೇಳುತ್ತಿದ್ದಾನಲ್ಲ ಅನ್ನಿಸಿತು. ಅವನಿಗೂ ನೇರ ಉತ್ತರ ಸಿಗಲಿಲ್ಲ. ಮೇಲಿನ ಕೇರಿಯ ಆ ಹಂಚಿನ ಮನೆಗೆ ನಾನು ಕದ್ದು ಹೋಗುತ್ತಿದ್ದೆ. ನರ್ಸಮ್ಮ ನನ್ನನ್ನು ದೂರ ಮಾಡಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಪ್ರವಾದಿ ಹೇಳೋದು ನಾಳೆ ಮಳೆ ಬರುತ್ತೆ ಅಂದ ಹಾಗಲ್ಲ ಪೂರ್ಣಿ, ಹೀಗಾಗುತ್ತೆ ಎಂದು ಹೇಳುವವನಿಗೆ ಹಾಗಾಗದಿರಲಿ ಎಂದೇ ಒಳಗೆ ಆಸೆ ಇರುತ್ತೆ, ಆ ಆಸೆ ಇಲ್ಲದವನು ಬರೀ ಶಾಪ ಹಾಕುವವನು ಎಂದು ಒಮ್ಮೆ ಹೇಳಿದ್ದರು. ನರ್ಸಿಂಗ್ ತರಬೇತಿಗೆ ಅರ್ಜಿ ತರಿಸಿಕೊಟ್ಟವರೂ ಅವರೇ. ನಾನು ಪ್ರಾಯಶ್ಚಿತ್ತಕ್ಕೆಂದು ಈ ಕೆಲಸಕ್ಕೆ ಸೇರಿದೆ ಎಂದು ಹೇಳಿದರೆ ಚೆನ್ನಾಗಿರುತ್ತದೆ. ಆಗ ಸಿಕ್ಕ ಕೆಲಸ ಅದು, ಸೇರಿದೆ. ಹೊಸದುರ್ಗ, ಮಾರಿಕಣಿವೆ, ಹಿರಿಯೂರು ಎಂದು ಮೂವತ್ತೈದು ವರ್ಷ ದುಡಿದೆ. ಅಷ್ಟೂ ವರ್ಷ ಯೆಹೆಜ್ಕೇಲನ ಮೊದಲ ಪುಟವನ್ನು ಎದೆಗೆ ಅವುಚಿಕೊಂಡಿದ್ದೆ. ಹಿರಿಯರದನ್ನು ಮಕ್ಕಳು ಹೊರುವುದಿಲ್ಲ, ಅದು ಅಜ್ಜಿಯದು, ನನ್ನದಲ್ಲ ಎಂದು. ಕಾವಲುಗಾರನಿದ್ದ ಎರಡನೇ ಪುಟವನ್ನು ಮುಟ್ಟಲಿಲ್ಲ.

ನಿವೃತ್ತಳಾದ ಮೇಲೆ ಒಂದು ದಿನ ಹಿರಿಯೂರಿನ ಔಷಧಿ ಅಂಗಡಿಯಲ್ಲಿ ಶಾರದಮ್ಮನನ್ನು ಕಂಡೆ. ಎಪ್ಪತ್ತು ದಾಟಿದ್ದರು. ಗಂಡ ಸತ್ತ ಮೇಲೆ ತೋಟದ ಕಡೆಯವರು ಇವರನ್ನು ಇಟ್ಟುಕೊಳ್ಳಲಿಲ್ಲವಂತೆ. ಆ ಮಗುವಾದ ಮೇಲೆ ಅವರಿಗೆ ಬೇರೆ ಮಕ್ಕಳಾಗಿರಲಿಲ್ಲ. ವೇದಾವತಿಯ ಸೇತುವೆಯ ಹತ್ತಿರ ತಂಗಿಯ ಮನೆಯಲ್ಲಿದ್ದರು. ಅಂಗಡಿಯವನಿಂದ ವಿಳಾಸ ತಿಳಿದುಕೊಂಡು, ಎರಡು ವಾರ ಒದ್ದಾಡಿ, ಒಂದು ಬೆಳಗ್ಗೆ ಹೋದೆ. ಅವರು ವರಾಂಡದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಗಿರಿಜಮ್ಮನ ಅಣ್ಣನ ಮಗಳಾ, ಬಾರವ್ವ, ಕುಂತ್ಕ ಅಂದರು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಜಗಲಿ, ಅಜ್ಜಿ ಹೇಳಿದ್ದು, ಅವರು ನನ್ನನ್ನು ಕೇಳಿದ್ದು, ನಾನು ಹೂಂ ಅಂದದ್ದು, ಗೋಡೆಯ ಆಚೆ ನರ್ಸಮ್ಮ ಮಲಗಿದ್ದು. ಅವರ ಕೈ ಅವರೆಕಾಯಿಯ ಮೇಲೆ ಹಾಗೇ ಇತ್ತು.

"ನಾನೇ ತಡ ಮಾಡಿದೆ ಅಂತಿದ್ದ ಅವನು. ಬೆಳಗಿನ ಜಾವವೇ ಹೊರಡ್ಲಿಲ್ಲ, ಮನೆ ಕೆಲಸ ಮುಗಿಸ್ಕಂಡು ಹೊರಟೆ, ನೀನೇ ಕೊಂದೆ ಅಂತ. ಕುಡಿದಾಗೆಲ್ಲ ಅದನ್ನೇ ಹೇಳಿ ಹೊಡೆಯೋನು. ಸಾಯೋ ತನಕ ಹೇಳ್ದ. ನಾನೂ ಹೌದು ಅಂದ್ಕಂಡೆ ಕಣವ್ವ. ಇಷ್ಟು ವರ್ಷ ಹೌದು ಅಂತಾನೇ ಅಂದ್ಕಂಡಿದ್ದೆ."

ನಾನು ಆಗ ಸಣ್ಣವಳು ಎಂದು ಹೇಳಲು ಬಾಯಿ ತೆರೆದೆನೇನೋ, ನೆನಪಿಲ್ಲ. ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ಎಷ್ಟನೇ ಕ್ಲಾಸು ನೀನಾಗ?"

"ಏಳು."

"ಏಳನೇ ಕ್ಲಾಸಂದ್ರೆ ಗೊತ್ತಾಗ್ತೈತೆ."

ಅದರಲ್ಲಿ ಸಿಟ್ಟಿರಲಿಲ್ಲ. ಯೋಚನೆ ಮಾಡಿ, ಸರಿಯಾಗಿ ತೂಗಿ ಹೇಳಿದ ಮಾತಾಗಿತ್ತು. ಆಮೇಲೆ ಕೇಳಿದರು.

"ನಿಮ್ಮಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮ್ಮವ್ವಂಗೆ? ಆ ನರ್ಸಮ್ಮಂಗೆ?"

"ಎಲ್ಲರಿಗೂ ಗೊತ್ತಿತ್ತು."

ಅವರು ಮಡಿಲಲ್ಲಿದ್ದ ಸಿಪ್ಪೆಯನ್ನೆಲ್ಲ ಕೊಡವಿ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗುವ ಬಾಗಿಲ ತನಕ ನಡೆದರು. ಅಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದರು.

"ಅಂದ್ರೆ, ನನಗೊಬ್ಬಳಿಗೇ ಗೊತ್ತಿರ್ಲಿಲ್ಲ."